ಮನೆಯಲ್ಲೇ ಫಿಲ್ಮ್ ತೊಳೆಯಲು ಯಾವ ಲಿಕ್ವಿಡ್ ಡೆವಲಪರ್? ಕೋಲಾರದ ಬಿಸಿಲು, ಬೋರ್‌ವೆಲ್ ನೀರಿನ ಲೆಕ್ಕದಲ್ಲಿ

ಬ್ಲಾಕ್ ಅಂಡ್ ವೈಟ್ ರೋಲನ್ನು ಮನೆಯಲ್ಲೇ ತೊಳೆಯಬೇಕು ಅಂತ ಹೊರಟವರು ಡೆವಲಪರ್ (ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ದ್ರಾವಣ) ಆರಿಸುವಾಗ ಮೊದಲು ಕೇಳುವುದು ಗ್ರೇನ್ ವಿಷಯ, ಅಂದರೆ ಚಿತ್ರದಲ್ಲಿ ಕಾಣುವ ಕಾಳುಕಾಳು. ಯಾವುದರಲ್ಲಿ ನುಣುಪು, ಯಾವುದರಲ್ಲಿ ಶಾರ್ಪ್, ಯಾವುದು ಬೆಸ್ಟ್. ನಾನು ವಾಪಸ್ ಕೇಳುವುದು ಬೇರೆ ಎರಡು ಪ್ರಶ್ನೆ. ತಿಂಗಳಿಗೆ ಎಷ್ಟು ರೋಲ್ ತೆಗೆಯುತ್ತೀರಿ? ಏಪ್ರಿಲ್‌ನಲ್ಲಿ ನಿಮ್ಮ ಮನೆಯ ನಲ್ಲಿ ನೀರು ಎಷ್ಟು ಡಿಗ್ರಿ ಇರುತ್ತದೆ? ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ಈ ಎರಡಕ್ಕೆ ಉತ್ತರ ಕೊಟ್ಟರೆ ಮುಕ್ಕಾಲು ಪಾಲು ಆಯ್ಕೆ ಮುಗಿಯಿತು. ಗ್ರೇನ್ ಮಾತು ಆಮೇಲೆ.

ಮೊದಲು ಪುಡಿಯ ವಿಷಯ ಮುಗಿಸಿಬಿಡುತ್ತೇನೆ. ಕೊಡಾಕ್ ಡಿ-76, ಇಲ್ಫೋರ್ಡ್ ಐಡಿ-11 ಇವೆರಡೂ ಪುಡಿ, ಎರಡೂ ಹೆಚ್ಚುಕಡಿಮೆ ಒಂದೇ. ಕೆಟ್ಟವಲ್ಲ, ಬದಲಿಗೆ ಉಳಿದೆಲ್ಲವನ್ನೂ ಜನ ಇವತ್ತಿಗೂ ಇವುಗಳ ಜೊತೆಗೇ ಹೋಲಿಸಿ ನೋಡುತ್ತಾರೆ. ಹಳೆಯ ಸ್ಟುಡಿಯೋದವರನ್ನು ಮಾತಾಡಿಸಿದರೆ, ಮೆಟಾಲ್, ಹೈಡ್ರೋಕ್ವಿನೋನ್ ತೂಗಿ ತಾವೇ ಬೆರೆಸಿಕೊಂಡು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ರೋಲ್ ತೊಳೆಯುತ್ತಿದ್ದ ಕಥೆ ಹೇಳುತ್ತಾರೆ. ಅವರಿಗೆ ದಿನಾ ಕೆಲಸ ಇತ್ತು, ಬೆರೆಸಿದ್ದು ಖರ್ಚಾಗುತ್ತಿತ್ತು. ನಮಗೆ ಹಾಗಲ್ಲ. ಡಿ-76 ಪ್ಯಾಕೆಟ್ ಒಡೆದರೆ ಪೂರ್ತಿ ಒಂದೇ ಸಲ ಕರಗಿಸಬೇಕು, ಅರ್ಧ ಪುಡಿ ಇವತ್ತು, ಅರ್ಧ ಮುಂದಿನ ತಿಂಗಳು ಅನ್ನುವ ಹಾಗಿಲ್ಲ. ಯಾಕೆಂದರೆ ಒಳಗಿನ ಪುಡಿಗಳು ಸಮನಾಗಿ ಬೆರೆತಿರುವುದಿಲ್ಲ. 50ರಿಂದ 55 ಡಿಗ್ರಿ ನೀರು ಬೇಕು, ಆಮೇಲೆ ಅದು ಆರಬೇಕು. ಬೆರೆಸಿದ ದ್ರಾವಣ ತುಂಬಿದ ಬಾಟಲಿಯಲ್ಲಿ ಆರು ತಿಂಗಳು ಬರುತ್ತದೆ, ಅರ್ಧ ಖಾಲಿಯಾದ ಬಾಟಲಿಯಲ್ಲಿ ಎರಡೇ ತಿಂಗಳು. ತಿಂಗಳಿಗೆ ಐದಾರು ರೋಲ್ ತೆಗೆಯುವವರಿಗೆ ಪುಡಿಯೇ ಸರಿ. ಹಬ್ಬಕ್ಕೊಂದು, ಜಾತ್ರೆಗೊಂದು ರೋಲ್ ತೆಗೆಯುವವರಿಗೆ ಲಿಕ್ವಿಡ್.

ಲಿಕ್ವಿಡ್‌ನಲ್ಲಿ ನಾಲ್ಕೇ ಹೆಸರು ಇಟ್ಟುಕೊಳ್ಳೋಣ: ರೋಡಿನಾಲ್, ಕೊಡಾಕ್‌ನ ಎಚ್‌ಸಿ-110, ಇಲ್ಫೋರ್ಡ್‌ನ ಇಲ್ಫೊಸಾಲ್ 3, ಇಲ್ಫೊಟೆಕ್ ಡಿಡಿ-ಎಕ್ಸ್. ಬೇರೆಯವೂ ಇವೆ, ಆದರೆ ಈ ನಾಲ್ಕು ಗೊತ್ತಾದರೆ ಉಳಿದವು ಯಾವುದರ ಕಡೆ ವಾಲುತ್ತವೆ ಅಂತ ತಾನಾಗಿ ತಿಳಿಯುತ್ತದೆ. ನಾಲ್ಕನ್ನೂ ಬಳಸುವ ಕ್ರಮ ಒಂದೇ. ಬೇಕಾದಷ್ಟು ತೆಗೆದು, ನೀರಿಗೆ ಬೆರೆಸಿ, ಒಂದು ರೋಲ್ ತೊಳೆದು, ಚೆಲ್ಲುವುದು.

ಬಾಟಲಿ ಎಷ್ಟು ದಿನ ಬರುತ್ತದೆ

35 ಎಂಎಂನ ಒಂದು ರೋಲಿಗೆ ಪ್ಯಾಟರ್ಸನ್ ಟ್ಯಾಂಕಿನಲ್ಲಿ (ಫಿಲ್ಮ್ ತೊಳೆಯುವ, ಬೆಳಕು ಹೋಗದ ಡಬ್ಬಿ) 290 ಮಿ.ಲೀ. ದ್ರಾವಣ ಬೇಕು. ಅದರ ಮೇಲೆ ಲೆಕ್ಕ ಹಾಕಿ ನೋಡಿ.

ರೋಡಿನಾಲ್ 1+50ರಲ್ಲಿ (ಒಂದು ಪಾಲಿಗೆ 50 ಪಾಲು ನೀರು) ಒಂದು ರೋಲಿಗೆ ಆರು ಮಿ.ಲೀ.ಗಿಂತ ಸ್ವಲ್ಪ ಕಡಿಮೆ ಸಾಕು. ಅರ್ಧ ಲೀಟರ್ ಬಾಟಲಿಯಲ್ಲಿ ಎಂಬತ್ತಕ್ಕೂ ಜಾಸ್ತಿ ರೋಲ್. ಎಚ್‌ಸಿ-110 ಅನ್ನು 1+31ರಲ್ಲಿ ಬೆರೆಸಿದರೆ ರೋಲಿಗೆ 9 ಮಿ.ಲೀ., ಒಂದು ಲೀಟರಿಗೆ ನೂರಕ್ಕೂ ಮೇಲೆ. ಇಲ್ಫೊಸಾಲ್ 3 ಅನ್ನು 1+9ರಲ್ಲಿ ಬೆರೆಸಬೇಕು, ಅಂದರೆ ರೋಲಿಗೆ 29 ಮಿ.ಲೀ., ಅರ್ಧ ಲೀಟರಿಗೆ 17 ರೋಲ್. ಡಿಡಿ-ಎಕ್ಸ್ 1+4. ರೋಲಿಗೆ 58 ಮಿ.ಲೀ. ಹೋಯಿತು, ಒಂದು ಲೀಟರ್ ಬಾಟಲಿಗೂ ಅದೇ 17.

ಬಾಟಲಿ ಬೆಲೆ ನೋಡಿ ಇಲ್ಫೊಸಾಲ್ ಅಗ್ಗ, ಎಚ್‌ಸಿ-110 ದುಬಾರಿ ಅಂತ ತೀರ್ಮಾನ ಮಾಡುವವರು ಈ ಲೆಕ್ಕ ಹಾಕಿರುವುದಿಲ್ಲ. ರೋಲಿಗೆ ಎಷ್ಟು ಬೀಳುತ್ತದೆ ಅಂತ ಭಾಗಿಸಿ ನೋಡಿದರೆ ಪಟ್ಟಿ ತಲೆಕೆಳಗಾಗುತ್ತದೆ.

ಆದರೆ ನೂರು ರೋಲ್ ಆಗುವಷ್ಟು ಇದ್ದು ಏನು ಪ್ರಯೋಜನ, ನಡುವೆ ಕೆಟ್ಟುಹೋದರೆ? ಇಲ್ಲೇ ರೋಡಿನಾಲ್ ಎಲ್ಲರನ್ನೂ ಹಿಂದೆ ಹಾಕುವುದು. 1891ರಲ್ಲಿ ಮೊಮ್ಮೆ ಆಂಡ್ರೆಸೆನ್ ಬರ್ಲಿನ್‌ನ ಆಗ್ಫಾ ಕಂಪನಿಗೆ ಪೇಟೆಂಟ್ ಮಾಡಿಕೊಟ್ಟ ಸೂತ್ರ ಅದು. ಇವತ್ತು ಅಡಾಕ್ಸ್ ಕಂಪನಿ ಅದೇ ಹೆಸರಿನಲ್ಲಿ ಮಾರುತ್ತದೆ, ಆರ್09 ಅನ್ನುವ ಹೆಸರಿನಲ್ಲೂ ಅದೇ ಬಗೆಯದು ಸಿಗುತ್ತದೆ. ಬಾಟಲಿ ಒಡೆದು ವರ್ಷಗಟ್ಟಲೆ ಇಟ್ಟರೂ ಕೆಲಸ ಮಾಡುತ್ತದೆ. ಬಣ್ಣ ಮಾತ್ರ ತಿಳಿ ಕಂದಿನಿಂದ ಕಾಫಿ ಡಿಕಾಕ್ಷನ್ ತರಹ ಕಪ್ಪಗಾಗುತ್ತದೆ. ಅದನ್ನು ನೋಡಿ ಹೆದರಿ ಚೆಲ್ಲಬೇಡಿ.

ಎಚ್‌ಸಿ-110 ಕೂಡ ಬಾಳಿಕೆಗೆ ಹೆಸರಾದದ್ದು. ಆದರೆ ಆ ಹೆಸರು ಬಂದದ್ದು ಹಳೆಯ, ಜೇನಿನಷ್ಟು ಗಟ್ಟಿ ಇದ್ದ ದ್ರವದಿಂದ. ಅದರಲ್ಲಿ ನೀರಿನ ಅಂಶವೇ ಇಲ್ಲ ಅನ್ನುವಷ್ಟು ಕಡಿಮೆ ಇತ್ತು. ಆಮೇಲೆ ಸೂತ್ರ ಬದಲಾಗಿ ತೆಳ್ಳಗಿನದು ಬಂತು. ಹಳೆಯದು ಹತ್ತು ವರ್ಷ ಬಂತು ಅಂತ ಯಾರಾದರೂ ಹೇಳಿದರೆ ನಂಬಿ, ಹೊಸ ಬಾಟಲಿಗೆ ಆ ಲೆಕ್ಕ ಹಚ್ಚಬೇಡಿ. ಸಣ್ಣ ಸಣ್ಣ ಗಾಜಿನ ಬಾಟಲಿಗಳಿಗೆ ಕುತ್ತಿಗೆವರೆಗೆ ತುಂಬಿ ಹಂಚಿಟ್ಟರೆ ನಿಶ್ಚಿಂತೆ. ಕೆಮ್ಮಿನ ಸಿರಪ್ಪಿನ ಕಂದು ಬಾಟಲಿಗಳನ್ನು ತೊಳೆದು ಒಣಗಿಸಿದರೆ ಸಾಕು, ಲೇಬಲ್ ಮಾತ್ರ ಕಿತ್ತು ಹೊಸದು ಅಂಟಿಸಿ, ಮನೆಯಲ್ಲಿ ಮಕ್ಕಳಿದ್ದರೆ ಬೀಗದ ಕಪಾಟಿನಲ್ಲಿಡಿ.

ಇಲ್ಫೊಸಾಲ್ 3 ಈ ವಿಷಯದಲ್ಲಿ ಬಡವ. ಮುಚ್ಚಳ ತೆಗೆದ ಮೇಲೆ ಕೆಲವೇ ತಿಂಗಳು. ಕೆಟ್ಟಿದ್ದು ನೋಟದಲ್ಲೂ ಸರಿಯಾಗಿ ಗೊತ್ತಾಗುವುದಿಲ್ಲ, ಹೋದ ರೋಲ್ ಚೆನ್ನಾಗಿ ಬಂದಿರುತ್ತದೆ, ಈ ರೋಲ್ ತೆಳ್ಳಗೆ, ಏನೂ ಇಲ್ಲದ ಹಾಗೆ ಬರುತ್ತದೆ. ಅದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಫಿಲ್ಮ್ ಟ್ಯಾಂಕಿಗೆ ಸುತ್ತುವಾಗ ಕತ್ತರಿಸಿ ಎಸೆಯುವ ನಾಲಿಗೆ ತುಂಡು ಇರುತ್ತದಲ್ಲ, ಅದನ್ನು ಬೆರೆಸಿದ ಡೆವಲಪರ್‌ಗೆ ಬೆಳಕಿನಲ್ಲೇ ಅದ್ದಿ. ಕೆಲವು ನಿಮಿಷದಲ್ಲಿ ಇದ್ದಲಿನಷ್ಟು ಕಪ್ಪಾಗಬೇಕು. ಬೂದು ಬಣ್ಣಕ್ಕೇ ನಿಂತರೆ ಆ ಡೆವಲಪರ್ ಮುಗಿದಿದೆ, ರೋಲ್ ಹಾಕಬೇಡಿ. ಹಳೆಯ ಬಾಟಲಿ ಯಾವುದೇ ಇರಲಿ, ಈ ಪರೀಕ್ಷೆ ಮಾಡಿಯೇ ಮುಂದುವರಿಯಿರಿ.

ಬಿಸಿಲಿನ ಲೆಕ್ಕ

ಇಂಗ್ಲಿಷ್ ಪುಸ್ತಕ, ವಿಡಿಯೋಗಳಲ್ಲಿ ಈ ವಿಷಯಕ್ಕೆ ಅಷ್ಟು ಜಾಗ ಇರುವುದಿಲ್ಲ, ಅಲ್ಲಿನವರಿಗೆ ನಲ್ಲಿ ತಿರುಗಿಸಿದರೆ ತಣ್ಣೀರು ಬರುತ್ತದೆ. ನಮಗೆ ಇದೇ ಮುಖ್ಯ.

ಕಂಪನಿ ಪಟ್ಟಿಯಲ್ಲಿ ಕೊಟ್ಟ ಸಮಯವೆಲ್ಲ 20 ಡಿಗ್ರಿಗೆ. ನಮ್ಮ ಕಡೆ ಡಿಸೆಂಬರ್, ಜನವರಿ ಬೆಳಗ್ಗೆ ಬಿಟ್ಟರೆ 20 ಡಿಗ್ರಿ ನೀರು ತಾನಾಗಿ ಸಿಗುವುದಿಲ್ಲ. ಏಪ್ರಿಲ್ ಮಧ್ಯಾಹ್ನ ತಾರಸಿ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರಿದ್ದರೆ ಸ್ನಾನಕ್ಕೆ ಗೀಸರ್ ಹಾಕಬೇಕಾಗಿಲ್ಲ. ಒಂದೊಂದು ಡಿಗ್ರಿ ಏರಿದಾಗಲೂ ತೊಳೆಯುವ ಸಮಯ ಸುಮಾರು ಹತ್ತರಲ್ಲೊಂದು ಪಾಲು ಇಳಿಯುತ್ತದೆ. 24 ಡಿಗ್ರಿಯಲ್ಲಿ ಪಟ್ಟಿಯ ಸಮಯದ ಶೇ. 70 ಹಿಡಿಯಿರಿ, 26ಕ್ಕೆ ಶೇ. 60ಕ್ಕೂ ಸ್ವಲ್ಪ ಕಡಿಮೆ. ಇದು ಅಂದಾಜು, ಮೊದಲ ರೋಲ್ ನೋಡಿ ಸರಿಪಡಿಸಿಕೊಳ್ಳಬೇಕು.

ಸಮಯ ಇಳಿದರೆ ಒಳ್ಳೆಯದೇ ಅಲ್ವಾ, ಬೇಗ ಮುಗಿಯುತ್ತದೆ? ಅಲ್ಲ. ಐದು ನಿಮಿಷಕ್ಕಿಂತ ಕೆಳಗೆ ಹೋದರೆ ಡೆವಲಪರ್ ಸುರಿಯಲು, ಬಗ್ಗಿಸಲು ಹಿಡಿಯುವ ಹತ್ತು ಹದಿನೈದು ಸೆಕೆಂಡೇ ದೊಡ್ಡ ವ್ಯತ್ಯಾಸ ಮಾಡುತ್ತದೆ. ನೆಗೆಟಿವ್‌ನಲ್ಲಿ ಆಕಾಶ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು.

ಈಗ ಎಚ್‌ಪಿ5 ಪ್ಲಸ್ ಫಿಲ್ಮನ್ನೇ (ಇಲ್ಫೋರ್ಡ್‌ನದು, ಕಡಿಮೆ ಬೆಳಕಿಗೂ ಒಗ್ಗುವ ಐಎಸ್‌ಒ 400) ತೆಗೆದುಕೊಳ್ಳಿ. ಎಚ್‌ಸಿ-110 1+31ರಲ್ಲಿ 20 ಡಿಗ್ರಿಗೆ 5 ನಿಮಿಷ. 26 ಡಿಗ್ರಿಗೆ ಅದು ಮೂರು ನಿಮಿಷದ ಆಸುಪಾಸು, ಅಂದರೆ ಕೆಲಸಕ್ಕೆ ಬಾರದ್ದು. ರೋಡಿನಾಲ್ 1+50ರಲ್ಲಿ 11 ನಿಮಿಷ, ಅದು 26ಕ್ಕೆ ಆರೂಕಾಲು, ಆರಾಮಾಗಿ ಮಾಡಬಹುದು. ಡಿಡಿ-ಎಕ್ಸ್‌ನಲ್ಲಿ 9 ನಿಮಿಷ, ಅದೂ ಐದರ ಮೇಲೆ ಉಳಿಯುತ್ತದೆ. ಎಫ್‌ಪಿ4 ಪ್ಲಸ್ ಅನ್ನು ಇಲ್ಫೊಸಾಲ್ 3ರ 1+9ರಲ್ಲಿ ತೊಳೆದರೆ 20 ಡಿಗ್ರಿಗೇ ನಾಲ್ಕೂಕಾಲು ನಿಮಿಷ, ಬೇಸಿಗೆಯಲ್ಲಿ ಅದರ ಗತಿ ನೀವೇ ಊಹಿಸಿ. 1+14 ಮಾಡಿದರೆ ಏಳೂವರೆ ನಿಮಿಷ, ಅದು 24ರವರೆಗೆ ಹೇಗೋ ನಡೆಯುತ್ತದೆ.

ಅದಕ್ಕೇ ಬಿಸಿಲೂರಿನವರಿಗೆ ನನ್ನ ಮಾತು: ಜಾಸ್ತಿ ನೀರು ಬೆರೆಸಲು ಒಗ್ಗುವ ಡೆವಲಪರ್ ತಗೊಳ್ಳಿ. ಎಚ್‌ಸಿ-110ಗೆ 1+63 ಅನ್ನುವ ಬೆರಕೆ ಇದೆ. ಕೊಡಾಕ್ ಪಟ್ಟಿಯದಲ್ಲ, ಬಳಸುವವರು ರೂಢಿ ಮಾಡಿಕೊಂಡಿದ್ದು. ಸಮಯ ಸುಮಾರು ಎರಡರಷ್ಟು, ಎಚ್‌ಪಿ5ಗೆ ಹತ್ತು ನಿಮಿಷ, 26 ಡಿಗ್ರಿಯಲ್ಲೂ ಐದರ ಕೆಳಗೆ ಇಳಿಯುವುದಿಲ್ಲ. ಒಂದೇ ಎಚ್ಚರಿಕೆ, 290 ಮಿ.ಲೀ.ಯಲ್ಲಿ ಇದನ್ನು ಮಾಡಿದರೆ ಒಳಗೆ ಹೋಗುವ ಡೆವಲಪರ್ ನಾಲ್ಕೂವರೆ ಮಿ.ಲೀ. ಮಾತ್ರ, ಒಂದು ರೋಲಿಗೆ ಅದು ಕಡಿಮೆ. ಎರಡು ರೀಲಿನ ಟ್ಯಾಂಕ್ ತಗೊಂಡು, ಕೆಳಗೆ ಫಿಲ್ಮ್ ಇರುವ ರೀಲ್, ಮೇಲೆ ಖಾಲಿ ರೀಲ್ ಇಟ್ಟು, 500 ಮಿ.ಲೀ. ಸುರಿಯಿರಿ. ರೋಡಿನಾಲ್ 1+100 ಮಾಡುವವರಿಗೂ ಇದೇ ಮಾತು.

ಇನ್ನು ನೀರು ತಣ್ಣಗೆ ಮಾಡುವ ದಾರಿ. ಫ್ರಿಜ್ಜಿನ ನೀರು ಬೆರೆಸಿ ಸರಿಮಾಡಬಹುದು, ಮಾಡುತ್ತಾರೆ ಕೂಡ. ನನಗೆ ಇಷ್ಟ ಮಡಕೆ. ಕೋಲಾರದ ಒಣ ಬೇಸಿಗೆಯಲ್ಲಿ ರಾತ್ರಿ ತುಂಬಿಸಿ ಕಿಟಕಿ ಪಕ್ಕ ಇಟ್ಟ ಮಣ್ಣಿನ ಮಡಕೆಗೆ ಬೆಳಗ್ಗೆ ಆರಕ್ಕೆ ಥರ್ಮಾಮೀಟರ್ ಇಳಿಬಿಡಿ, ನಲ್ಲಿ ನೀರಿಗಿಂತ ಎಷ್ಟೋ ಡಿಗ್ರಿ ಕೆಳಗಿರುತ್ತದೆ. ಅಷ್ಟು ಹೊತ್ತಿಗೆ ಮನೆ ಗೋಡೆಗಳೂ ತಣ್ಣಗಿರುತ್ತವೆ, ಟ್ಯಾಂಕ್ ಕೈಯಲ್ಲಿ ಹಿಡಿದಷ್ಟು ಹೊತ್ತು ಒಳಗಿನ ದ್ರಾವಣ ಏರುವುದೂ ಕಡಿಮೆ. ಮಳೆಗಾಲದ ತೇವಕ್ಕೆ ಮಡಕೆ ಅಷ್ಟು ತಣ್ಣಗಾಗುವುದಿಲ್ಲ, ಆದರೆ ಆಗ ಅದರ ಅಗತ್ಯವೂ ಅಷ್ಟಿಲ್ಲ. ಡೆವಲಪರ್ ಒಂದನ್ನೇ ತಣ್ಣಗೆ ಮಾಡಿ, ಫಿಕ್ಸರ್ (ಮೂಡಿದ ಚಿತ್ರ ಬೆಳಕಿಗೆ ಕೆಡದ ಹಾಗೆ ಮಾಡುವ ದ್ರಾವಣ) ಮತ್ತೆ ಕೊನೆಗೆ ಜಾಲಿಸುವ ನೀರನ್ನು ಬಿಸಿ ಬಿಡಬೇಡಿ. ಉಬ್ಬಿದ ಜೆಲಾಟಿನ್ ಪದರಕ್ಕೆ ಹಾಗೆ ಒಮ್ಮೆಲೇ ಶಾಖ ಏರಿದರೆ ಅದು ಸುಕ್ಕುಗಟ್ಟಿ ಬಲೆಬಲೆಯಾಗುತ್ತದೆ. ಎಲ್ಲ ಎರಡು ಮೂರು ಡಿಗ್ರಿ ಒಳಗೇ ಇರಲಿ.

ನೀರು

ನಮ್ಮ ಬೋರ್‌ವೆಲ್ ನೀರಿನ ಬಗ್ಗೆ ಹೇಳಬೇಕೇ? ನಲ್ಲಿ ಬಾಯಿಯಲ್ಲಿ, ಬಕೆಟ್ ಅಂಚಿನಲ್ಲಿ ಬೆಳ್ಳಗೆ ಕಟ್ಟುವ ಉಪ್ಪೇ ನೆಗೆಟಿವ್ ಮೇಲೂ ಕೂರುತ್ತದೆ. ಒಣಗಿದ ಫಿಲ್ಮನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಹೊಳೆಯುವ ಬದಿಯಲ್ಲಿ ಬಳೆಯಾಕಾರದ ಬಿಳಿ ಕಲೆ ಕಾಣುತ್ತದೆ. ಸ್ಕ್ಯಾನ್ ಮಾಡಿದಾಗ ಆಕಾಶದ ತುಂಬ ಅದೇ. ಉಜ್ಜಿದರೆ ಗೀರು ಬೀಳುತ್ತದೆ.

ಕಂಪನಿಗಳು ಡೆವಲಪರ್‌ನಲ್ಲಿ ಗಡಸು ನೀರಿಗೆ ಮದ್ದು ಬೆರೆಸಿಯೇ ಕಳಿಸುತ್ತವೆ, ಹಾಗಾಗಿ ನಲ್ಲಿ ನೀರಲ್ಲಿ ಬೆರೆಸಿದ ತಕ್ಷಣ ಏನೂ ಆಗಿಬಿಡುವುದಿಲ್ಲ. ತೊಂದರೆ ಬೇರೆ. ಈ ವಾರ ನಗರಸಭೆ ನೀರು, ಮುಂದಿನ ವಾರ ಟ್ಯಾಂಕರ್ ನೀರು, ಆ ಟ್ಯಾಂಕರ್ ಯಾವ ತೋಟದ ಬೋರ್‌ವೆಲ್‌ನದೋ. ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರಬೇಕು ಅಂದರೆ ನೀರು ಒಂದೇ ಇರಬೇಕು. ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಹಿಡಿದ 20 ಲೀಟರ್ ಕ್ಯಾನ್ ಸಾಕು. ಡೆವಲಪರ್ ಅದರಲ್ಲೇ ಬೆರೆಸಿ, ಕೊನೆಯ ಜಾಲಾಟವೂ ಅದರಲ್ಲೇ, ಅದಕ್ಕೆ ಇಲ್ಫೊಟಾಲ್ ಅಥವಾ ಫೋಟೋ-ಫ್ಲೋ (ನೀರು ಹನಿಯಾಗಿ ನಿಲ್ಲದೆ ಜಾರಿಹೋಗುವ ಹಾಗೆ ಮಾಡುವ ದ್ರವ) ಕೆಲವೇ ತೊಟ್ಟು. ಇನ್ನೂ ಮನಸ್ಸಿಗೆ ಸಮಾಧಾನ ಇಲ್ಲ ಅಂದರೆ ಕೊನೆಯ ಜಾಲಾಟಕ್ಕೆ ಮಾತ್ರ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತನ್ನಿ.

ಫಿಕ್ಸರ್ ಆದ ಮೇಲೆ ಅರ್ಧ ಗಂಟೆ ನಲ್ಲಿ ಕೆಳಗೆ ಟ್ಯಾಂಕ್ ಇಡಿ ಅಂತ ಹಳೆಯ ಪುಸ್ತಕ ಹೇಳುತ್ತದೆ. ಕೋಲಾರದಲ್ಲಿ ಹಾಗೆ ನೀರು ಬಿಟ್ಟರೆ ಮನೆಯವರು ಟ್ಯಾಂಕ್ ಸಮೇತ ನಿಮ್ಮನ್ನೂ ಆಚೆ ಕಳಿಸುತ್ತಾರೆ. ಇಲ್ಫೋರ್ಡ್‌ನವರ ಕ್ರಮ ಅನುಸರಿಸಿ: ಟ್ಯಾಂಕ್ ತುಂಬಿಸಿ ಐದು ಸಲ ಮಗುಚಿ, ಚೆಲ್ಲಿ. ಮತ್ತೆ ತುಂಬಿಸಿ ಹತ್ತು ಸಲ. ಮತ್ತೆ ತುಂಬಿಸಿ ಇಪ್ಪತ್ತು ಸಲ. ಒಂದು ರೋಲಿಗೆ ಒಂದು ಲೀಟರ್ ನೀರೂ ಬೇಕಾಗುವುದಿಲ್ಲ. ಹಾರ್ಡನರ್ (ಫಿಲ್ಮಿನ ಪದರ ಗಟ್ಟಿ ಮಾಡುವ ರಾಸಾಯನಿಕ) ಇಲ್ಲದ ಫಿಕ್ಸರ್‌ಗೆ ಮಾತ್ರ ಈ ಕ್ರಮ, ಲೇಬಲ್ ನೋಡಿ ತಗೊಳ್ಳಿ.

ಈಗ ಗ್ರೇನ್

ರೋಡಿನಾಲ್ ಗ್ರೇನ್ ಮುಚ್ಚಿಡುವುದಿಲ್ಲ. ಅಂಚು ಚೂಪಾಗಿರುತ್ತದೆ, ಗ್ರೇನ್ ಎದ್ದು ಕಾಣುತ್ತದೆ, ನೆರಳಿನ ವಿವರ ಸ್ವಲ್ಪ ಕಡಿಮೆಯಾಗುತ್ತದೆ. ಅಂತರಗಂಗೆಯ ಬಂಡೆ, ಮಧುಗಿರಿ ಬೆಟ್ಟ, ನಂದಿ ಊರಿನ ಭೋಗ ನಂದೀಶ್ವರ ದೇವಸ್ಥಾನದ ಕಲ್ಲು ಕಂಬ, ಇಂಥದ್ದನ್ನು ಎಫ್‌ಪಿ4, ಫೋಮಪಾನ್ 100, ಕೆಂಟ್‌ಮಿಯರ್ 100 ತರಹದ ನಿಧಾನದ (ಜಾಸ್ತಿ ಬೆಳಕು ಬೇಡುವ) ಫಿಲ್ಮಿನಲ್ಲಿ ತೆಗೆದು ರೋಡಿನಾಲ್‌ನಲ್ಲಿ ತೊಳೆದರೆ ಕಲ್ಲಿನ ಒರಟು ಕೈಗೆ ತಾಗುವ ಹಾಗೆ ಬರುತ್ತದೆ. ಅದೇ ಡೆವಲಪರ್‌ನಲ್ಲಿ 35 ಎಂಎಂ ಎಚ್‌ಪಿ5 ಹಾಕಿ ಮದುಮಗಳ ಮುಖ ತೆಗೆದುಕೊಟ್ಟರೆ ಹೆಣ್ಣಿನ ಕಡೆಯವರು ಮಾತಾಡಿಸುವುದಿಲ್ಲ. 120 ಫಿಲ್ಮ್ ಆದರೆ ನೆಗೆಟಿವ್ ದೊಡ್ಡದು, ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ರೋಡಿನಾಲ್ 1+100ರಲ್ಲಿ ಒಂದು ಗಂಟೆ ಅಲುಗಿಸದೆ ಸುಮ್ನೆ ಇಟ್ಟುಬಿಡುವ ಪದ್ಧತಿಗೆ ಅಭಿಮಾನಿಗಳು ಬಹಳ ಇದ್ದಾರೆ. ಸ್ಪ್ರಾಕೆಟ್ ತೂತುಗಳಿಂದ ಪಟ್ಟೆಪಟ್ಟೆ ಇಳಿಯುವ ಅಪಾಯ ಅದರಲ್ಲಿ ಇದ್ದೇ ಇದೆ, ನಾನು ಅದನ್ನು ಹೊಸಬರಿಗೆ ಹೇಳುವುದಿಲ್ಲ.

ಎಚ್‌ಸಿ-110 ನಡುವಿನದು. ಗ್ರೇನ್ ಹದ, ಶಾರ್ಪ್ ಹದ, ಯಾವ ಫಿಲ್ಮಿಗೂ ಮುನಿಸಿಲ್ಲ. ಇದನ್ನು ಅಳೆಯುವುದೇ ಕೆಲಸ. ಮೆಡಿಕಲ್ ಶಾಪಿನ 10 ಮಿ.ಲೀ. ಸಿರಿಂಜು ಸೂಜಿ ತೆಗೆದು ಬಳಸಿ. ನಿಧಾನಕ್ಕೆ ಎಳೆಯಿರಿ, ಬೇಗ ಎಳೆದರೆ ಗುಳ್ಳೆ ಸೇರಿ ಅಳತೆ ತಪ್ಪುತ್ತದೆ. ಗಟ್ಟಿ ದ್ರವವಾದರೆ ನೀರಿಗೆ ಬಿಟ್ಟಾಗ ಅದು ದಾರದ ಹಾಗೆ ಇಳಿದು ತಳದಲ್ಲಿ ಕೂರುತ್ತದೆ, ಸಿರಿಂಜಿನ ಒಳಗೆ ಗೋಡೆಗೂ ಅಂಟಿರುತ್ತದೆ. ಅದೇ ನೀರನ್ನು ಸಿರಿಂಜಿಗೆ ಎಳೆದು ಬಿಡುತ್ತಾ, ಗೆರೆ ಕಾಣದಾಗುವವರೆಗೆ ಕಲಕಿ. 9 ಮಿ.ಲೀ.ಯಲ್ಲಿ ಒಂದು ಮಿ.ಲೀ. ಹೆಚ್ಚುಕಡಿಮೆ ಆದರೂ ನೆಗೆಟಿವ್‌ನಲ್ಲಿ ಕಾಣುತ್ತದೆ. ಡಿಡಿ-ಎಕ್ಸ್‌ನ 58ರಲ್ಲಿ ಒಂದು ಮಿ.ಲೀ. ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೊಡಾಕ್ ಸಿಗದಿದ್ದರೆ ಇಲ್ಫೋರ್ಡ್‌ನ ಇಲ್ಫೊಟೆಕ್ ಎಚ್‌ಸಿ ಇದೇ ಬಗೆಯದು, 1+31ರಲ್ಲೇ ಬೆರೆಸುವುದು. ಎಚ್‌ಪಿ5ಗೆ ಅದರಲ್ಲಿ ಆರೂವರೆ ನಿಮಿಷ, ಕೊಡಾಕ್ ಸಮಯ ಹಾಕಬೇಡಿ.

ಡಿಡಿ-ಎಕ್ಸ್ ದುಬಾರಿ, ಆದರೆ ದುಡ್ಡಿಗೆ ಸರಿಯಾದ ಕೆಲಸ ಕೊಡುತ್ತದೆ. ನೆರಳಿನ ವಿವರ, ನುಣುಪು ಗ್ರೇನ್, ಮುಖ್ಯವಾಗಿ ಕತ್ತಲೆಯಲ್ಲಿ ತೆಗೆದ ರೋಲ್. ಎಚ್‌ಪಿ5 ಅನ್ನು ಕ್ಯಾಮೆರಾದಲ್ಲಿ ಐಎಸ್‌ಒ 400ರ ಬದಲು 1600ಕ್ಕೆ ಏರಿಸಿ ತೆಗೆದರೆ 13 ನಿಮಿಷ, 3200ಕ್ಕೆ 20 ನಿಮಿಷ, ಎರಡೂ 20 ಡಿಗ್ರಿಗೆ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಯಲ್ಲಿ ಸಂಜೆ ಮೇಲೆ, ಬರೀ ಅಂಗಡಿ ದೀಪದ ಬೆಳಕಲ್ಲಿ ತೆಗೆಯುವ ತುಮಕೂರಿನವರು ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ. ಆ ಕೆಲಸಕ್ಕೆ ರೋಡಿನಾಲ್ ಹಾಕಿದರೆ ನೆರಳೆಲ್ಲ ಮಸಿ.

ಇಲ್ಫೊಸಾಲ್ 3 ನಿಧಾನದ, ಮಧ್ಯಮ ವೇಗದ ಫಿಲ್ಮಿಗೆಂದೇ ಮಾಡಿದ್ದು, ಅಲ್ಲಿ ಚೆನ್ನಾಗಿಯೇ ಬರುತ್ತದೆ. ಎರಡು ಮೂರು ಗೆಳೆಯರು ಒಟ್ಟಿಗೆ ಒಂದು ಬಾಟಲಿ ತಂದು ಚಳಿಗಾಲದಲ್ಲಿ ಮುಗಿಸುವ ಹಾಗಿದ್ದರೆ ಬೇಡ ಅನ್ನುವುದಿಲ್ಲ. ಒಬ್ಬರೇ ಆದರೆ ಬೇಡ.

ಹಾಗಾದರೆ ಯಾರು ಯಾವುದು

ತಿಂಗಳಿಗೆ ಒಂದೋ, ಎರಡು ತಿಂಗಳಿಗೆ ಒಂದೋ ರೋಲ್, ಹೆಚ್ಚಾಗಿ ಹಗಲು ಬೆಳಕು, ಬೆಟ್ಟ ಗುಡ್ಡ ಕೆರೆ ಅನ್ನುವವರು ರೋಡಿನಾಲ್ ತಗೊಂಡು ಮರೆತುಬಿಡಿ. ಮನೆಮಂದಿ, ಬೀದಿ, ಸಂತೆ, ಎಲ್ಲ ತರಹದ ಫಿಲ್ಮ್, ತಿಂಗಳಿಗೆ ಎರಡು ಮೂರು ರೋಲ್ ಆದರೆ ಎಚ್‌ಸಿ-110, ಬೇಸಿಗೆಗೆ 1+63, ಚಳಿಗಾಲಕ್ಕೆ 1+31. ಒಂದೇ ಬಾಟಲಿ ತಗೊಳ್ಳುತ್ತೇನೆ, ಹೇಳಿ ಅಂತ ಹಿಡಿದು ಕೂತರೆ ನನ್ನ ಬಾಯಲ್ಲಿ ಬರುವುದು ಎಚ್‌ಸಿ-110. ಜಾತ್ರೆ, ನಾಟಕ, ರಾತ್ರಿ ಮದುವೆ ಇದ್ದಾಗ ಮಾತ್ರ ಡಿಡಿ-ಎಕ್ಸ್, ಅದನ್ನೂ ಮೂರು ನಾಲ್ಕು ರೋಲ್ ಕೂಡಿಹಾಕಿಕೊಂಡ ಮೇಲೆ ತರಿಸಿ. ಸುಮಾರು ಒಂದೂವರೆ ಗಂಟೆ ದೂರದ ಬೆಂಗಳೂರಿಗೆ ಹೇಗೂ ಯಾರಾದರೂ ಹೋಗಿ ಬರುತ್ತಿರುತ್ತಾರೆ. ಕೊರಿಯರ್‌ನಲ್ಲಿ ತರಿಸಿದರೆ ಬಾಟಲಿ ಸೋರಿದೆಯಾ ಅಂತ ತೆಗೆದ ಕೂಡಲೇ ನೋಡಿ.

ಯಾವುದನ್ನೇ ಆರಿಸಿದರೂ ಸ್ಟಾಪ್ ಬಾತ್‌ಗೆ (ಡೆವಲಪರ್ ಕೆಲಸ ನಿಲ್ಲಿಸುವ ದ್ರಾವಣ) ಪ್ರತ್ಯೇಕ ದುಡ್ಡು ಹಾಕಬೇಡಿ, ಕಿರಾಣಿ ಅಂಗಡಿಯ ಬಿಳಿ ವಿನೆಗರ್ ಒಂದು ಪಾಲಿಗೆ ಮೂರು ಪಾಲು ನೀರು ಸಾಕು. ಫಿಕ್ಸರ್ ಮಾತ್ರ ಒಳ್ಳೆಯದು ತಗೊಳ್ಳಿ. ಕೈಗೆ ಗ್ಲೌಸ್ ಹಾಕಿ. ರೋಡಿನಾಲ್ ಕಟು ಕ್ಷಾರ, ಚರ್ಮ ಸುಡುತ್ತದೆ, ಉಳಿದವಕ್ಕೂ ಕೆಲವರಿಗೆ ಮೈ ಕಡಿತ ಬರುತ್ತದೆ.

ಬಳಸಿದ ಡೆವಲಪರ್ ಅನ್ನು ಜಾಸ್ತಿ ನೀರಿನ ಜೊತೆ ಬಚ್ಚಲಿಗೆ ಬಿಡಬಹುದು. ಫಿಕ್ಸರ್ ಬಿಡಬಾರದು, ಅದರಲ್ಲಿ ಫಿಲ್ಮಿನಿಂದ ಇಳಿದ ಬೆಳ್ಳಿ ಇರುತ್ತದೆ. ತೆಂಗಿನ ಪಾತಿಗೆ ಸುರಿದರೆ ಗೊಬ್ಬರವಾಗುತ್ತದೆ ಅಂತ ಹೇಳುವವರೂ ಇದ್ದಾರೆ, ಕೇಳಬೇಡಿ. ಮುಗಿದ ಫಿಕ್ಸರ್ ಅನ್ನು ಒಂದು ಕ್ಯಾನಿನಲ್ಲಿ ಕೂಡಿಹಾಕಿ ಅದರೊಳಗೆ ಸ್ಟೀಲ್ ವೂಲ್ ಹಾಕಿಡಿ, ಬೆಳ್ಳಿ ಕರಿ ಕೆಸರಾಗಿ ತಳಕ್ಕೆ ಕೂರುತ್ತದೆ. ಊರಲ್ಲಿ ಎಕ್ಸ್‌ರೇ ಫಿಲ್ಮ್ ತೊಳೆಯುವ ಹಳೆಯ ಲ್ಯಾಬ್ ಯಾವುದಾದರೂ ಉಳಿದಿದ್ದರೆ ಅಲ್ಲಿ ಕೇಳಿ, ಅವರ ಫಿಕ್ಸರ್ ಒಯ್ಯುವವರು ನಿಮ್ಮ ಕ್ಯಾನನ್ನೂ ಒಯ್ಯಬಹುದು.